ಎರಡನೇ ಸಲ ಪಾನಾ ಹಾಕ್ರಿ

ಹುನಗುಂದ, ಇಳಕಲ್, ಅಮೀನಗಡ, ಗುಡೂರು ಭಾಗದಲ್ಲಿ ಟಂಟಂ, ಕ್ರೂಸರ್, ಗೂಡ್ಸ್ ಗಾಡಿ, ಟಿಪ್ಪರ್, ಟ್ರ್ಯಾಕ್ಟರ್ ಓಡಿಸುವ ಅಣ್ಣ-ತಮ್ಮಂದಿರಿಗೆ, ಅವುಗಳ ಕೆಳಗೆ ಮಲಗಿ ಕೆಲಸ ಮಾಡುವ ಮಿಸ್ತ್ರಿಗಳಿಗೆ, ಗಾಡಿ ಮಾಲೀಕರಿಗೆ,



ನಾನು ನಿಮ್ಮ ಗಾಡಿಗಳಲ್ಲಿ ಓಡಾಡುತ್ತಲೇ ವಯಸ್ಸಾದವನು. ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತನಾಗಿದ್ದೇನೆ. ಹಾಗಾಗಿ ಗಾಡಿ ಹತ್ತುವ ಮೊದಲು ಕಣ್ಣು ತಾನಾಗಿಯೇ ಗಾಲಿಯ ಹಿಂದಿನ ಪಾಟಾದ (ಲೀಫ್ ಸ್ಪ್ರಿಂಗಿನ) ಕಡೆ ಹೋಗುತ್ತದೆ. ರಸ್ತೆ ಕೆಟ್ಟಿದೆ ಎಂದು ದೂರಲು ಈ ಕಾಗದ ಬರೆಯುತ್ತಿಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಬರೆಯಲೂಬೇಕು. ಆದರೆ ಗುಂಡಿ ಮುಚ್ಚುವ ತನಕ ಗಾಡಿ ನಿಲ್ಲಿಸಿ ಕೂರುವುದು ನಿಮ್ಮಿಂದಾಗದು. ನೀವು ನಿಲ್ಲಿಸಿದರೆ ಹೊಲಕ್ಕೆ ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಸೀರೆ ಗಂಟು ಹೊತ್ತು ಇಳಕಲ್ಲಿಗೆ ಹೊರಟ ಸೂಳೇಭಾವಿಯ ನೇಕಾರರು, ಹುನಗುಂದದ ಕಾಲೇಜಿಗೆ ಬರುವ ಹುಡುಗ-ಹುಡುಗಿಯರು ಎಲ್ಲರೂ ದಾರಿಯಲ್ಲೇ ನಿಲ್ಲಬೇಕಾಗುತ್ತದೆ. ಅದಕ್ಕೇ ಕೆಟ್ಟ ರಸ್ತೆಯ ಮೇಲೆ ಗಾಡಿ ಬಿಗಿಯಾಗಿ ಉಳಿಯುವ ಬಗೆಯನ್ನಷ್ಟೇ ಹೇಳುತ್ತೇನೆ.

ಹೇಳಬೇಕಾದದ್ದು ಒಂದೇ ಮಾತು. ಪಾಟಾ, ಶಾಕಪ್, ಬುಶ್, ಯು-ಬೋಲ್ಟ್ ಯಾವುದರ ಕೆಲಸವೇ ಆಗಲಿ, ಒಂದು ಸಲ ಬಿಗಿ ಮಾಡಿದ ಮಾತ್ರಕ್ಕೆ ಮುಗಿಯುವುದಿಲ್ಲ. ಗಾಡಿ ಲೋಡಿನ ಮೇಲೆ ಒಂದಿಷ್ಟು ಓಡಿ ಬಂದ ಮೇಲೆ ಅದೇ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಬೇಕು. ಈ ಎರಡನೇ ಸಲ ನಮ್ಮ ಭಾಗದಲ್ಲಿ ಯಾರ ಲೆಕ್ಕದಲ್ಲೂ ಇಲ್ಲ. ಮಿಸ್ತ್ರಿ "ಗಟ್ಟಿ ಬಿಗದೇನಿ, ಚಿಂತಿ ಬಿಟ್ಟು ಹೊಡೀರಿ" ಅನ್ನುತ್ತಾನೆ. ಡ್ರೈವರ್ "ಸದ್ದು ಬಂದ್ರ ನೋಡೂಣು" ಅನ್ನುತ್ತಾನೆ. ಮಾಲೀಕರು "ಗಾಡಿ ನಿಂತ್ರ ಬಾಡಿಗಿ ಹೊಕ್ಕೈತಿ" ಅನ್ನುತ್ತಾರೆ. ಮೂವರ ನಡುವೆ ನಟ್ಟು ಸಡಿಲಾಗುತ್ತದೆ.

ಮೊದಲು ನಮ್ಮ ರಸ್ತೆಗಳ ಗುಣ ನೋಡೋಣ. ಹುನಗುಂದದಲ್ಲಿ ಎರಡು ದೊಡ್ಡ ದಾರಿಗಳು ಕೂಡುತ್ತವೆ. ಒಂದು ವಿಜಯಪುರದಿಂದ ಹೊಸಪೇಟೆ, ಚಿತ್ರದುರ್ಗದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50, ಹಳಬರ ಬಾಯಲ್ಲಿ ಇನ್ನೂ ಹದಿಮೂರು ನಂಬರ್ ಹೈವೇ. ಇನ್ನೊಂದು ರಾಯಚೂರು–ಬೆಳಗಾವಿ ರಸ್ತೆ. ಹೊಸಪೇಟೆ ಕಡೆಯ ಚತುಷ್ಪಥದ ಮೇಲೆ ಗಾಡಿ ಎಂಬತ್ತರಲ್ಲಿ ನಿರಾಳವಾಗಿ ಓಡುತ್ತದೆ. ಆದರೆ ನಿಮ್ಮ ದುಡಿಮೆ ಶುರುವಾಗುವುದು ಅಲ್ಲಿ ಅಲ್ಲ. ನಂದವಾಡಗಿ, ಕರಡಿಯಂಥ ಊರುಗಳ ಒಳದಾರಿಗಳಲ್ಲಿ, ಇಳಕಲ್ ಸುತ್ತಲಿನ ಕೆಂಪು ಗ್ರಾನೈಟ್ ಕ್ವಾರಿಗಳ ಕಲ್ಲುದಾರಿಗಳಲ್ಲಿ, ಹೊಲದ ಬದುಗಳ ಮೇಲೆ.

ನಮ್ಮ ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ವರ್ಷ ತುಂಬುವುದರೊಳಗೆ ಅಲೆಯಾಗಿ, ಅಂಚು ಕುಸಿಯುವುದನ್ನು ನೀವು ನನಗಿಂತ ಹೆಚ್ಚು ನೋಡಿದ್ದೀರಿ. ಇದರ ಮೇಲೆ ಊರೂರಿನ ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನಲ್ಲಿ ಬಂದ ಗಾಡಿ ಕುಕ್ಕದೆ ದಾಟಬೇಕು. ನಮ್ಮಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪುಗಳು ಅಗಲದಲ್ಲಿ ಒಂದು ಮಾರೂ ಇರುವುದಿಲ್ಲ. ಗಾಡಿ ಅದನ್ನು ಹತ್ತುವುದಿಲ್ಲ, ಗುದ್ದುತ್ತದೆ.

ಅಪಾಯ ಇರುವುದು ಈ ಎರಡು ಬಗೆಯ ರಸ್ತೆಗಳು ಸೇರುವ ಜಾಗದಲ್ಲಿ. ಒಳದಾರಿಯಲ್ಲಿ ಬೋಲ್ಟು ಸಡಿಲಾಗುತ್ತದೆ, ಆದರೆ ಅಲ್ಲಿ ವೇಗವಿಲ್ಲ, ಹತ್ತೋ ಹದಿನೈದೋ. ಏನಾದರೂ ಕಳಚಿದರೂ ಗಾಡಿ ಅಲ್ಲೇ ಕುಂಟಿ ನಿಲ್ಲುತ್ತದೆ. ಅದೇ ಗಾಡಿ ಅರ್ಧ ಗಂಟೆಯಲ್ಲಿ ಹೈವೇ ಹತ್ತುತ್ತದೆ. ಎಂಬತ್ತರ ವೇಗದಲ್ಲಿ ಅದು ಒಂದು ಸೆಕೆಂಡಿಗೆ ಇಪ್ಪತ್ತೆರಡು ಮೀಟರ್ ಮುಂದೆ ಹೋಗಿರುತ್ತದೆ. ಹಳ್ಳಿ ದಾರಿಯಲ್ಲಿ ಮಾಡಿದ ಸಾಲವನ್ನು ಹೈವೇ ಮೇಲೆ ತೀರಿಸಬೇಕಾಗುತ್ತದೆ. ಅಪಘಾತವಾದ ಮೇಲೆ "ರಸ್ತಿ ಸರಿ ಇತ್ತಲ್ಲ, ಹೆಂಗಾತು?" ಎಂದು ಸುತ್ತ ನಿಂತವರು ಕೇಳುತ್ತಾರೆ. ಗಾಡಿ ಬಂದ ದಾರಿಯನ್ನು ಯಾರೂ ನೋಡಿರುವುದಿಲ್ಲ.

ಇನ್ನು ಬೋಲ್ಟಿನ ಒಳಗುಟ್ಟು. ನಟ್ಟು ಬೋಲ್ಟಿಗೆ ಕಚ್ಚಿಕೊಂಡಿರುವುದರಿಂದಲೇ ಕೆಲಸ ನಡೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕೆಲಸ ಮಾಡುವುದು ಬೋಲ್ಟಿನ ಎಳೆತ. ನಟ್ಟು ತಿರುಗಿಸಿದಂತೆಲ್ಲ ಬೋಲ್ಟು ರಬ್ಬರಿನ ಹಾಗೆ ಸ್ವಲ್ಪ ಉದ್ದವಾಗುತ್ತದೆ. ಉದ್ದವಾದದ್ದು ಹಿಂದಕ್ಕೆ ಕುಗ್ಗಲು ಹವಣಿಸಿ ನಡುವಿನ ತುಂಡುಗಳನ್ನು ಅದುಮಿ ಹಿಡಿಯುತ್ತದೆ. ಹದಿನಾಲ್ಕು ಮಿಲಿಮೀಟರಿನ, ತಲೆಯ ಮೇಲೆ 8.8 ಎಂದು ಕೆತ್ತಿದ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದು ಸುಮಾರು ಐದು ಟನ್ ಬಲದಿಂದ ಅದುಮುತ್ತದೆ. ಅಷ್ಟು ಬಲ ಹುಟ್ಟಲು ಐವತ್ತು ಮಿಲಿಮೀಟರ್ ಉದ್ದದ ಬೋಲ್ಟು ಉದ್ದವಾಗುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ.

ಎರಡನೇ ಪಾನಾದ ಗುಟ್ಟು ಈ ಹತ್ತನೇ ಒಂದು ಭಾಗದಲ್ಲಿದೆ. ಪಾಟಾದ ಮೇಲೆ ಬಣ್ಣ ಬಳಿದಿರುತ್ತಾರೆ. ಪಾಟಾ ಕೂರುವ ಆಕ್ಸಲ್ ಸೀಟಿನ ಮೇಲೆ ಜಂಗು, ಒಣ ಕೆಸರು, ಗ್ರೀಸಿನ ಮಡ್ಡಿ ಇರುತ್ತದೆ. ಹೊಸ ಲೋಹದ ಮೈಯೂ ಕಣ್ಣಿಗೆ ಕಾಣದಷ್ಟು ಒರಟು. ಗಾಡಿ ಲೋಡು ಹೊತ್ತು ಕುಲುಕಿದಾಗ ಈ ಬಣ್ಣ, ಜಂಗು, ಒರಟೆಲ್ಲ ಅರೆದು ಹೋಗಿ ತುಂಡುಗಳು ಇನ್ನೊಂದಿಷ್ಟು ಹತ್ತಿರ ಕೂರುತ್ತವೆ. ಬಣ್ಣದ ಒಂದು ಪದರವೇ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ದಪ್ಪ ಇರಬಹುದು. ಅಷ್ಟು ಕುಸಿದರೆ ಬೋಲ್ಟಿನ ಅರ್ಧ ಎಳೆತ ಹೋಯಿತು. ನಟ್ಟು ಕೂದಲೆಳೆಯಷ್ಟೂ ತಿರುಗಿರುವುದಿಲ್ಲ, ಆದರೂ ಐದು ಟನ್ನಿನ ಹಿಡಿತ ಎರಡೂವರೆಗೆ ಇಳಿದಿರುತ್ತದೆ.

ಟ್ರ್ಯಾಕ್ಟರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರೇಲರಿಗೆ ಕಣಕಿ ಹೇರಿ ಹಗ್ಗ ಎಳೆದು ಕಟ್ಟಿ ಹೊರಟವರು ಊರ ಅಗಸಿ ದಾಟುವುದರೊಳಗೆ ಗಾಡಿ ನಿಲ್ಲಿಸಿ ಹಗ್ಗವನ್ನು ಇನ್ನೊಮ್ಮೆ ಜಗ್ಗಿ ಕಟ್ಟುತ್ತಾರೆ. ಗಂಟು ಬಿಚ್ಚಿಲ್ಲ, ಹಗ್ಗ ಹರಿದಿಲ್ಲ. ಹೇರು ಕುಸಿದಿದೆ, ಅಷ್ಟೇ. ಕಣಕಿಗೆ ತೋರಿಸುವ ಈ ಬುದ್ಧಿಯನ್ನು ಪಾಟಾಕ್ಕೂ ತೋರಿಸಿ ಎಂಬುದೇ ನನ್ನ ಬೇಡಿಕೆ.

ಎಳೆತ ಅರ್ಧವಾದ ಮೇಲೆ ಏನಾಗುತ್ತದೆ ಎಂಬುದನ್ನು 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಯಂತ್ರ ಕಟ್ಟಿ ತೋರಿಸಿದ. ಬೋಲ್ಟನ್ನು ಅದರ ಉದ್ದಕ್ಕೆ ಮೇಲೆ-ಕೆಳಗೆ ಎಳೆದಾಡಿದರೆ ಅದು ಅಷ್ಟಾಗಿ ಸಡಿಲಾಗುವುದಿಲ್ಲ. ಬೋಲ್ಟು ಹಿಡಿದ ಎರಡು ತುಂಡುಗಳು ಅಡ್ಡಡ್ಡ ಜಾರಾಡಿದರೆ ಮಾತ್ರ ನಟ್ಟು ಪ್ರತಿ ಜಾರಿಗೆ ಒಂದಿಷ್ಟು ತಾನಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ನಟ್ಟನ್ನು ಹಿಡಿದಿಡುವುದು ಘರ್ಷಣೆ. ಜಾರುತ್ತಿರುವ ಹೊತ್ತಿನಲ್ಲಿ ಆ ಘರ್ಷಣೆ ಸೋಲುತ್ತದೆ. ಥ್ರೆಡ್ಡಿನ ಇಳಿಜಾರು ಉಳಿದ ಕೆಲಸ ಮಾಡುತ್ತದೆ. ಇಂದಿಗೂ ಲಾಕ್ ನಟ್ಟು, ವಾಷರುಗಳನ್ನು ಪರೀಕ್ಷಿಸಲು ಬಳಸುವ ಯಂತ್ರಕ್ಕೆ ಯುಂಕರನದೇ ಹೆಸರು.

ಹಾಗಾದರೆ ನಮ್ಮ ಗಾಡಿಯಲ್ಲಿ ಅಡ್ಡಜಾರು ಎಲ್ಲಿ? ಬ್ರೇಕ್ ಒತ್ತಿದಾಗ ಆಕ್ಸಲ್ ಹಿಂದಕ್ಕೆ ಜಗ್ಗುತ್ತದೆ, ಪಾಟಾ ಮುಂದಕ್ಕೆ. ಒಂದು ಗಾಲಿ ಗುಂಡಿಗೆ ಬಿದ್ದಾಗ ಆಕ್ಸಲ್ ಓರೆಯಾಗಿ ತಿರುಚುತ್ತದೆ. ಇದನ್ನೆಲ್ಲ ತಡೆಯಬೇಕಾದದ್ದು ಪಾಟಾವನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ ಯು-ಬೋಲ್ಟುಗಳ ಅದುಮಿನಿಂದ ಹುಟ್ಟಿದ ಘರ್ಷಣೆ. ಉಕ್ಕಿನ ಮೇಲೆ ಉಕ್ಕು ಜಾರದಂತೆ ತಡೆಯುವ ಬಲ ಅದುಮಿನ ಆರೇಳರಲ್ಲಿ ಒಂದು ಪಾಲು. ಎರಡು ಯು-ಬೋಲ್ಟಿನ ನಾಲ್ಕು ಕಾಲು ಸೇರಿ ಇಪ್ಪತ್ತು ಟನ್ ಅದುಮಿದರೆ ಮೂರು ಟನ್ನಿನಷ್ಟು ಜಾರುತಡೆ ಸಿಗುತ್ತದೆ. ಅದುಮು ಅರ್ಧವಾದರೆ ತಡೆಯೂ ಒಂದೂವರೆ ಟನ್ನಿಗೆ ಇಳಿಯಿತು. ಲೋಡು ಗಾಡಿಯ ಒಂದು ಗಟ್ಟಿ ಬ್ರೇಕು, ಒಂದು ಆಳದ ಗುಂಡಿ ಆ ಒಂದೂವರೆಯನ್ನು ಸುಲಭವಾಗಿ ಮೀರುತ್ತದೆ. ಒಮ್ಮೆ ಜಾರಿದರೆ ಸವೆತ, ಸವೆದರೆ ಇನ್ನಷ್ಟು ಸಡಿಲ.

ಆಗ ಭಾರವೆಲ್ಲ ಬಂದು ಬೀಳುವುದು ಸೆಂಟರ್ ಬೋಲ್ಟಿನ ಮೇಲೆ. ಸೆಂಟರ್ ಬೋಲ್ಟು ಇರುವುದು ಪಾಟಾಗಳನ್ನು ಒಂದರ ಮೇಲೊಂದು ಕೂರಿಸಿ ಜಾಗ ತೋರಿಸಲು. ಆಕ್ಸಲ್ಲಿನ ಜಗ್ಗಾಟ ಹೊರುವುದು ಅದರ ಕೆಲಸವಲ್ಲ. "ಸೆಂಟರ್ ಬೋಲ್ಟ್ ಕಟ್ ಆಗೇತಿ, ಹೊಸಾದು ಹಾಕು" ಎಂದು ಹೇಳಿ, ಹಾಕಿಸಿಕೊಂಡು, ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಕೆಲಸಕ್ಕೆ ಬರುವವರು ಇದನ್ನು ಗಮನಿಸಬೇಕು. ಕೆಟ್ಟದ್ದು ಸೆಂಟರ್ ಬೋಲ್ಟಿನ ಗುಣ ಎಂದುಕೊಂಡಿರಿ, ಯು-ಬೋಲ್ಟಿನ ಸಡಿಲ ಹಾಗೇ ಉಳಿಯಿತು. ಪಾಟಾ ತುಂಡಾದರೂ ಅಷ್ಟೇ, ಅದು ಎಲ್ಲಿ ತುಂಡಾಗಿದೆ ಎಂದು ನೋಡಿ. ನಡುವೆ, ಸೆಂಟರ್ ಬೋಲ್ಟಿನ ತೂತಿನ ಬಳಿಯೇ ಮುರಿದಿದ್ದರೆ ಬಹುಮಟ್ಟಿಗೆ ಯು-ಬೋಲ್ಟು ಸಡಿಲವಿತ್ತು. ಯು-ಬೋಲ್ಟಿನ ಆಚೆ, ತುದಿಯ ಕಡೆ ಮುರಿದಿದ್ದರೆ ಲೋಡು ಹೆಚ್ಚಾಗಿತ್ತು, ಇಲ್ಲವೆ ಪಾಟಾ ದಣಿದಿತ್ತು. ಮುರಿದ ಪಾಟಾವನ್ನು ಗುಜರಿಗೆ ಎಸೆಯುವ ಮೊದಲು ಒಂದು ನಿಮಿಷ ನೋಡಿದರೆ ಅದೇ ಕಾರಣ ಹೇಳುತ್ತದೆ.

ಮಿಸ್ತ್ರಿಗಳೇ, ಈಗ ನಿಮ್ಮ ಜೊತೆ ಮಾತು. ನಿಮ್ಮ ಕೈಯ ಅಂದಾಜು ದೊಡ್ಡದು, ಅದನ್ನು ಹಗುರವಾಗಿ ಮಾತಾಡುವವನು ನಾನಲ್ಲ. ಆದರೆ ಕೈಗೆ ಗೊತ್ತಾಗುವುದು ನಟ್ಟು ಎಷ್ಟು ಬಿರುಸಾಗಿದೆ ಎಂಬುದು, ಬೋಲ್ಟು ಎಷ್ಟು ಎಳೆದಿದೆ ಎಂಬುದಲ್ಲ. ನೀವು ಪಾನಾಕ್ಕೆ ಹಾಕುವ ಬಲದಲ್ಲಿ ಸುಮಾರು ಅರ್ಧ ನಟ್ಟಿನ ತಳದ ಘರ್ಷಣೆಗೆ ಹೋಗುತ್ತದೆ, ನೂರರಲ್ಲಿ ನಲವತ್ತು ಪಾಲು ಥ್ರೆಡ್ಡಿನ ಘರ್ಷಣೆಗೆ. ಬೋಲ್ಟನ್ನು ಎಳೆಯಲು ಉಳಿಯುವುದು ಹತ್ತು ಪಾಲು ಮಾತ್ರ. ಥ್ರೆಡ್ಡಿಗೆ ಜಂಗು ಹಿಡಿದಿದ್ದರೆ ಆ ಹತ್ತೂ ಸಿಗುವುದಿಲ್ಲ. ಪಾನಾ ಕಿರುಗುಟ್ಟುತ್ತದೆ, ಕೈ ಸಾಕು ಅನ್ನುತ್ತದೆ, ಒಳಗೆ ಬೋಲ್ಟು ಸಡಿಲವಾಗೇ ಇರುತ್ತದೆ. ಉಲ್ಟಾ, ಥ್ರೆಡ್ಡಿಗೆ ಎಣ್ಣೆ ಸುರಿದು ಪೈಪ್ ಹಾಕಿ ಎಳೆದರೆ ಬೋಲ್ಟು ಮಿತಿ ಮೀರಿ ಎಳೆದು ಸತ್ತೇ ಹೋಗುತ್ತದೆ. ಅದಕ್ಕೆ ಥ್ರೆಡ್ಡನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಕಂಪನಿ ಹೇಳಿದ್ದರೆ ಮಾತ್ರ ಎಣ್ಣೆ ಸವರಿ, ಹೇಳಿದ ಅಳತೆಗೆ ಬಿಗಿಯಬೇಕು.

ಅಳತೆಗೆ ಟಾರ್ಕ್ ರೆಂಚ್ ಬೇಕು. ಕೆಲವು ಸಾವಿರ ರೂಪಾಯಿಯ ಸಾಮಾನು, ಒಂದು ಸ್ಟ್ಯಾಂಡಿನ ಗಾಡಿಯವರೆಲ್ಲ ಸೇರಿ ಒಂದು ತಂದರೂ ಸಾಕು. ನಿಧಾನವಾಗಿ ಎಳೆಯಿರಿ, ಕ್ಲಿಕ್ ಎಂದ ಕೂಡಲೇ ನಿಲ್ಲಿಸಿ. ಖಾತ್ರಿಗೆಂದು ಎರಡನೇ ಕ್ಲಿಕ್ ಬೇಡ. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಕನಿಷ್ಠ ಅಳತೆಗೆ ಇಳಿಸಿ ಇಡಿ, ಸುತ್ತಿಗೆಯಂತೆ ಬಳಸಬೇಡಿ. ರೆಂಚ್ ಸಿಗುವ ತನಕ ಒಂದು ದಾರಿ ಇದೆ. ಪಾನಾಕ್ಕೆ ಪೈಪ್ ತೊಡಿಸಿ, ಬೋಲ್ಟಿನ ನಡುವಿನಿಂದ ಸರಿಯಾಗಿ ಅರ್ಧ ಮೀಟರಿನ ಜಾಗದಲ್ಲಿ ಕೊಕ್ಕೆಯ ತೂಕದ ಕಾಟಾ ಸಿಕ್ಕಿಸಿ, ಪೈಪಿಗೆ ಲಂಬವಾಗಿ ಎಳೆಯಿರಿ. ಕಾಟಾ ಇಪ್ಪತ್ತು ಕೆ.ಜಿ. ತೋರಿಸಿದರೆ ಅದು ಹತ್ತಿರಹತ್ತಿರ ನೂರು ನ್ಯೂಟನ್-ಮೀಟರ್. ನಿಮ್ಮ ಗಾಡಿಗೆ ಎಷ್ಟು ಬೇಕು ಎಂಬುದು ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಆ ಅಂಕಿಗಳನ್ನು ದೊಡ್ಡಕ್ಷರದಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಹಚ್ಚಿ.

ಕೆಲಸ ಮಾಡುವಾಗ ಇನ್ನು ಕೆಲವನ್ನು ತಪ್ಪಿಸಬಾರದು. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕಬೇಡಿ. ಅದು ಒಮ್ಮೆ ಎಳೆದು ಬಳಸಿದ್ದು, ಅದರ ನಟ್ಟೂ ಹಾಗೆಯೇ. ಪಾಟಾ ಮತ್ತು ಆಕ್ಸಲ್ ಸೀಟು ಕೂಡುವ ಮೈಗಳನ್ನು ಲೋಹ ಕಾಣುವಂತೆ ಉಜ್ಜಿ, ದಪ್ಪ ಬಣ್ಣ ತೆಗೆಯಿರಿ. ಒಂದು ಕಾಲನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು. ಮೊದಲು ನಾಲ್ಕನ್ನೂ ಕೈಬಿಗಿ ಮಾಡಿ, ಅನಂತರ ಎದುರುಬದುರಾಗಿ ಅರ್ಧ ಅಳತೆಗೆ, ಕೊನೆಗೆ ಪೂರ್ತಿ ಅಳತೆಗೆ. ಕೊನೆಯ ಬಿಗಿತಕ್ಕೆ ಗಾಡಿಯ ಭಾರ ಪಾಟಾದ ಮೇಲೆ ಇರಲಿ. ರಬ್ಬರ್ ಬುಶ್ಶಿನ ಬೋಲ್ಟಿಗೆ ಇದು ಇನ್ನೂ ಮುಖ್ಯ. ಜಾಕಿ ಮೇಲೆ ಗಾಲಿ ಜೋತುಬಿದ್ದಿರುವಾಗಲೇ ಬಿಗಿದರೆ, ಗಾಡಿ ಕೆಳಗಿಳಿದಾಗ ಬುಶ್ಶು ತಿರುಚಿಕೊಂಡು ಕೂರುತ್ತದೆ. ಒಂದೊಂದು ಗುಂಡಿಗೂ ಅದು ಮತ್ತಷ್ಟು ತಿರುಚಿ ಬೇಗ ಹರಿಯುತ್ತದೆ, ಬುಶ್ಶು ಹರಿದ ಮೇಲೆ ಬೋಲ್ಟು ಕುಣಿಯುತ್ತದೆ.

ಸ್ಪ್ರಿಂಗ್ ವಾಷರ್ ಬಗ್ಗೆ ನಮಗಿರುವ ನಂಬಿಕೆ ದೊಡ್ಡದು. ಅಮೆರಿಕದ ನಾಸಾ 1990ರಲ್ಲಿ ಹೊರತಂದ ಬೋಲ್ಟ್ ವಿನ್ಯಾಸದ ಕೈಪಿಡಿ ಅದನ್ನು ಲಾಕ್ ಮಾಡಲು ನಿಷ್ಪ್ರಯೋಜಕ ಎಂದೇ ಬರೆದಿದೆ. ಬೋಲ್ಟು ಪೂರ್ತಿ ಬಿಗಿಯಾಗುವ ಹೊತ್ತಿಗೆ ಆ ವಾಷರು ಚಪ್ಪಟೆಯಾಗಿರುತ್ತದೆ, ಅಲ್ಲಿಂದ ಮುಂದೆ ಅದು ಸಾದಾ ವಾಷರೇ. ಒಂದರ ಬದಲು ಎರಡು ಹಾಕಿದರೆ ಕುಸಿಯುವ ಮೈಗಳು ಇನ್ನೂ ಹೆಚ್ಚಾದವು, ಅಷ್ಟೇ. ಇನ್ನೊಂದು ರೂಢಿ ನಟ್ಟಿಗೆ ವೆಲ್ಡಿಂಗ್ ಹೊಡೆಯುವುದು. ವೆಲ್ಡ್ ಆದ ನಟ್ಟು ತಿರುಗುವುದಿಲ್ಲ, ನಿಜ. ಆದರೆ ಮೊದಲು ಹೇಳಿದ ಕುಸಿತಕ್ಕೆ ನಟ್ಟು ತಿರುಗಬೇಕಾಗಿಯೇ ಇಲ್ಲ. ಎಳೆತ ಹೋದ ಮೇಲೆ ಬಿಗಿ ಮಾಡುವ ದಾರಿಯನ್ನು ನೀವೇ ಮುಚ್ಚಿದ್ದೀರಿ. ಮೇಲಾಗಿ ವೆಲ್ಡಿಂಗಿನ ಕಾವಿಗೆ 8.8, 10.9ರ ಬೋಲ್ಟಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ ಕೆಡುತ್ತದೆ.

ಲಾಕುಗಳಲ್ಲಿ ಒಳ್ಳೆಯವೂ ಇವೆ, ಒಂದೊಂದಕ್ಕೆ ಒಂದೊಂದು ಜಾಗ. ನೈಲಾನ್ ಉಂಗುರದ ನಟ್ಟು ಶಾಕಪ್ಪಿನ ಬೋಲ್ಟಿಗೆ ಸರಿ, ಆದರೆ ಬಿಚ್ಚಿ ಹಾಕಿ ಮಾಡಿದಂತೆಲ್ಲ ಅದರ ಹಿಡಿತ ಹೋಗುತ್ತದೆ. ಕೈಯಿಂದಲೇ ಕೊನೆತನಕ ತಿರುಗಿದರೆ ಎಸೆಯಿರಿ. ಥ್ರೆಡ್ಡಿಗೆ ಹಚ್ಚುವ ಲಾಕ್ ಅಂಟಿನಲ್ಲಿ ನೀಲಿಯದು ಪಾನಾದಿಂದ ಬಿಚ್ಚಬಹುದಾದದ್ದು, ಕೆಂಪಿನದಕ್ಕೆ ಕಾಯಿಸಬೇಕು. ಎಣ್ಣೆ ಪೂರ್ತಿ ಒರೆಸಿದ ಥ್ರೆಡ್ಡಿಗೆ ಮಾತ್ರ ಅದು ಸರಿಯಾಗಿ ಹಿಡಿಯುತ್ತದೆ. ಆದರೆ ಮತ್ತೆ ಬಿಗಿಯಲೇಬೇಕಾದ ಯು-ಬೋಲ್ಟಿಗೆ ಅದು ಬೇಡ, ಎರಡನೇ ಸಲ ಪಾನಾ ಹಾಕಿದಾಗ ಒಣಗಿದ ಅಂಟು ಒಡೆದುಹೋಗುತ್ತದೆ. ಟೈರಾಡ್, ಬಾಲ್ ಜಾಯಿಂಟಿನ ಕಚ್ಚುಗಳಿರುವ ನಟ್ಟಿಗೆ ಸ್ಪ್ಲಿಟ್ ಪಿನ್ನೇ ಬೇಕು. ತೂತು ಕೂಡದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿದು ಕೂಡಿಸಿ, ಹಿಂದಕ್ಕೆ ಸಡಿಲಿಸಬಾರದು. ಹಳೇ ಪಿನ್ನು, ಮೊಳೆ, ತಂತಿ ಅಲ್ಲಿಗೆ ಬೇಡವೇ ಬೇಡ. ಹತ್ತು ರೂಪಾಯಿಯೂ ಆಗದ ಪಿನ್ನಿನ ಮೇಲೆ ಸ್ಟೇರಿಂಗ್ ನಿಂತಿರುತ್ತದೆ.

ಡ್ರೈವರ್ ಅಣ್ಣ-ತಮ್ಮಂದಿರೇ, ನಿಮ್ಮ ಪಾಲಿಗೆ ಬರುವುದು ಕಣ್ಣು ಮತ್ತು ಕಿವಿ. ಸದ್ದು ಬರುವ ತನಕ ಕಾಯುವುದು ತಡವಾಯಿತು, ಸದ್ದು ಬಂತೆಂದರೆ ಆಗಲೇ ಒಂದರ ಮೇಲೊಂದು ಬಡಿಯುತ್ತಿವೆ. ಅದಕ್ಕೂ ಮೊದಲೇ ಗಾಡಿ ಕುರುಹು ತೋರಿಸುತ್ತದೆ. ನಟ್ಟಿನ ಸುತ್ತ ಅಥವಾ ಪಾಟಾಗಳ ಸಂದಿಯಲ್ಲಿ ಕೆಂಪು-ಕಂದು ಪುಡಿ ಒಸರಿದ್ದರೆ ಒಳಗೆ ಉಕ್ಕು ಉಕ್ಕಿಗೆ ತಿಕ್ಕುತ್ತಿದೆ. ಇಳಕಲ್ ಸೀಮೆಯ ಕೆಂಪು ಧೂಳಿನಲ್ಲಿ ಅದು ಬೇರೆಯಾಗಿ ಕಾಣುವುದು ಕಷ್ಟ. ಆದ್ದರಿಂದ ಒರೆಸಿಬಿಡಿ. ಎರಡು ದಿನದಲ್ಲಿ ಅದೇ ಸಂದಿಯಿಂದ ಮತ್ತೆ ಬಂದರೆ ಅದು ಧೂಳಲ್ಲ. ನಟ್ಟಿನ ಪಕ್ಕ ಬಣ್ಣ ಸವೆದು ಹೊಳೆಯುವ ಗೆರೆ ಮೂಡಿದ್ದರೂ ಹಾಗೆಯೇ. ಗಾಡಿ ನೇರ ಓಡುವಾಗ ಸ್ಟೇರಿಂಗ್ ಒಂದು ಕಡೆಗೆ ಓರೆ ಹಿಡಿಯಬೇಕಾಗಿದ್ದರೆ, ಹಿಂದೆ ಬರುವವನಿಗೆ ನಿಮ್ಮ ಗಾಡಿ ವಾರೆ ಓಡಿದಂತೆ ಕಂಡರೆ, ಆಕ್ಸಲ್ ಜಾಗ ಬಿಟ್ಟಿರಬಹುದು. ಅಂಥ ಗಾಡಿಯನ್ನು ಹೈವೇಗೆ ಹತ್ತಿಸಬೇಡಿ.

ಎಲ್ಲಕ್ಕಿಂತ ಅಗ್ಗದ ಉಪಾಯ ಬಣ್ಣದ ಗೆರೆ. ಬಿಗಿ ಮಾಡಿದ ಕೂಡಲೇ ನಟ್ಟಿನ ಮೇಲಿನಿಂದ ಬೋಲ್ಟಿನ ತುದಿಗೂ ಪಕ್ಕದ ಪ್ಲೇಟಿಗೂ ಸೇರುವಂತೆ ಬಿಳಿ ಅಥವಾ ಹಳದಿ ಆಯಿಲ್ ಪೇಂಟಿನ ಒಂದು ಗೆರೆ ಎಳೆಯಿರಿ. ನಟ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಬಗ್ಗಿ ನೋಡಲು ಐದು ನಿಮಿಷ ಸಾಕು, ಪಾನಾ ಬೇಡ. ಆದರೆ ಗೆರೆ ನೆಟ್ಟಗಿದೆ ಎಂದ ಮಾತ್ರಕ್ಕೆ ಎರಡನೇ ಪಾನಾ ಬಿಡಬಾರದು. ನಟ್ಟು ತಿರುಗದೆಯೂ ಎಳೆತ ಹೋಗುತ್ತದೆ ಎಂದು ಆಗಲೇ ಹೇಳಿದೆ. ಮಳೆಗಾಲದಲ್ಲಿ ಎರಿಯ ಕೆಸರು ಯು-ಬೋಲ್ಟಿಗೆ ಮೆತ್ತಿ ಒಣಗಿ ಕಲ್ಲಾಗುತ್ತದೆ. ಅದರ ಒಳಗೆ ನೀರು ನಿಂತು ಥ್ರೆಡ್ಡು ತಿನ್ನುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಗಾಡಿ ತೊಳೆಯುವಾಗ ಬಾನೆಟ್ಟಿಗೆ ಹೊಡೆಯುವ ನೀರಿನಲ್ಲಿ ಅರ್ಧವನ್ನು ಕೆಳಗೆ ಹೊಡೆಯಿರಿ.

ಮಾಲೀಕರೇ, ನಿಮಗೆ ಎರಡು ಮಾತು. ಮೊದಲನೆಯದು ಲೋಡು. ಗ್ರಾನೈಟ್ ಒಂದು ಘನ ಮೀಟರಿಗೆ ಎರಡೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಎರಡು ಮೀಟರ್ ಉದ್ದ, ಒಂದೂವರೆ ಅಗಲ, ಒಂದು ಎತ್ತರದ ಕಲ್ಲೊಂದು ಸುಮಾರು ಎಂಟು ಟನ್. ನೋಡಲು ಗಾಡಿ ಅರ್ಧ ಖಾಲಿ ಇದ್ದ ಹಾಗೆ ಕಾಣುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಹೆಚ್ಚಿಸಿ, ಎರಡು ಆಕ್ಸಲ್ ಲಾರಿಯ ಒಟ್ಟು ತೂಕವನ್ನು 16.2 ಟನ್ನಿಂದ 18.5 ಟನ್ನಿಗೆ ಏರಿಸಿತು. ನಿಮ್ಮ ಹಳೇ ಗಾಡಿಯ ಯು-ಬೋಲ್ಟಿನ ದಪ್ಪ ಆ ದಿನ ಏರಲಿಲ್ಲ. ನಿಮ್ಮ ಆರ್‌ಸಿಯಲ್ಲಿ ಬರೆದ ತೂಕವೇ ನಿಮ್ಮ ಗಾಡಿಗೆ ಮಿತಿ. ಲೋಡಿಗೆಂದು ಎಕ್ಸ್‌ಟ್ರಾ ಪಾಟಾ ಹಾಕಿಸಿದರೆ ಕಟ್ಟು ದಪ್ಪವಾಗುತ್ತದೆ, ಹಳೆಯ ಯು-ಬೋಲ್ಟು ಗಿಡ್ಡಾಗುತ್ತದೆ. ನಟ್ಟಿನ ಹೊರಗೆ ಎರಡು-ಮೂರು ಥ್ರೆಡ್ಡಾದರೂ ಕಾಣದಿದ್ದರೆ ಆ ಬೋಲ್ಟು ನಿಮ್ಮ ಗಾಡಿಯದಲ್ಲ. ತಲೆಯ ಮೇಲೆ ಅಂಕಿಯೇ ಇಲ್ಲದ ಬೋಲ್ಟನ್ನು ಐದು ರೂಪಾಯಿ ಕಡಿಮೆ ಎಂದು ಶಾಕಪ್ಪಿಗೆ, ಶ್ಯಾಕಲ್ಲಿಗೆ ತರಬೇಡಿ.

ಎರಡನೆಯದು ಹೊತ್ತು. ಪಾಟಾ ಕೆಲಸ ಮಾಡಿಸಿದ ಗಾಡಿ ಐನೂರರಿಂದ ಸಾವಿರ ಕಿಲೋಮೀಟರ್ ಓಡುವುದರೊಳಗೆ ಎರಡನೇ ಬಿಗಿತಕ್ಕೆ ಬರಬೇಕು. ಕ್ವಾರಿ ದಾರಿಯಲ್ಲಿ ದುಡಿಯುವ ಗಾಡಿ ಅದಕ್ಕಿಂತ ಮೊದಲೇ ಬರಲಿ. ಹಿಡಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಡ್ರೈವರಿನ ಸೋಮಾರಿತನ ಎಂದು ಲೆಕ್ಕ ಹಾಕಬೇಡಿ. ಮಿಸ್ತ್ರಿಯೂ ಅದಕ್ಕೆ ಬೇರೆ ದುಡ್ಡು ಕೇಳದೆ ಮೊದಲ ಬಿಲ್ಲಿನಲ್ಲೇ ಸೇರಿಸಿಕೊಳ್ಳಲಿ. ಬಿಲ್ಲಿನ ಹಿಂದೆ ಇಷ್ಟು ಕಿಲೋಮೀಟರಿಗೆ ಮರಳಿ ಬರಬೇಕು ಎಂದು ಬರೆದು ಕೊಡಲಿ. "ಫಿಟ್ನೆಸ್ ಆಗೇತಲ್ಲ" ಎಂದು ಕೆಲವರು ಹೇಳುತ್ತಾರೆ. ಕೆಎ-29 ಗಾಡಿ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್ನೆಸ್ಸಿಗೆ ನಿಲ್ಲುತ್ತದೆ. ಆ ಒಂದು ದಿನ ಗಟ್ಟಿಯಿದ್ದ ನಟ್ಟು ಉಳಿದ ದಿನಗಳಿಗೆ ಜಾಮೀನು ಕೊಡುವುದಿಲ್ಲ.

ಸಡಿಲಾಗದ ಬೋಲ್ಟನ್ನು ಜಗತ್ತಿನಲ್ಲಿ ಯಾರೂ ಇನ್ನೂ ಮಾಡಿಲ್ಲ. ನಮ್ಮ ಗದಗ–ಹೊಟಗಿ ರೈಲು ಮಾರ್ಗ ಬಾದಾಮಿ, ಬಾಗಲಕೋಟೆ ಹಾದು ಹೋಗುತ್ತದೆ. ಅಲ್ಲಿ ಬೆಳಗ್ಗೆ ಸುತ್ತಿಗೆ, ಪಾನಾ ಹೊತ್ತು ಹಳಿಯ ಮೇಲೆ ನಡೆಯುವವರನ್ನು ನೋಡಿರುತ್ತೀರಿ. ಅವರು ಕೀಮ್ಯಾನ್. ತಮ್ಮ ಪಾಲಿನ ಹಳಿಯನ್ನು ದಿನಾ ನಡೆದು ನೋಡಿ, ಸಡಿಲಾದದ್ದನ್ನು ಬಿಗಿದು ಮುಂದೆ ಹೋಗುವುದು ಅವರ ಕೆಲಸ. ಅಷ್ಟು ದೊಡ್ಡ ರೈಲ್ವೆ ತನ್ನ ಬೋಲ್ಟನ್ನು ನಂಬಿ ಕೂತಿಲ್ಲ, ಅದರ ಹಿಂದೆ ಒಬ್ಬ ಮನುಷ್ಯನನ್ನು ಇಟ್ಟಿದೆ. ಆ ನೋಟ ತಪ್ಪಿದಲ್ಲಿ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಪಾಟರ್ಸ್ ಬಾರ್ ಸಾಕ್ಷಿ. 2002ರ ಮೇ 10ರಂದು ಅಲ್ಲಿ ರೈಲೊಂದು ಹಳಿ ತಪ್ಪಿ ಏಳು ಜನ ಸತ್ತರು. ಹಳಿ ಬದಲಿಸುವ ಪಾಯಿಂಟಿನ ನಟ್ಟುಗಳು ಕಳಚಿದ್ದವು. ನಿಮ್ಮ ಗಾಡಿಗೆ ಸಂಬಳದ ಕೀಮ್ಯಾನ್ ಇಲ್ಲ, ಆ ಕೆಲಸವೂ ನಿಮ್ಮ ಮೇಲೇ ಇದೆ.

ಅದಕ್ಕೊಂದು ದಿನ ಗೊತ್ತು ಮಾಡಿಕೊಳ್ಳೋಣ. ಹೊಸ ದಿನ ಹುಡುಕಬೇಕಿಲ್ಲ. ನಮ್ಮ ಕಡೆ ಅಮಾವಾಸ್ಯೆಗೆ ಬಹಳ ಮಂದಿ ಗಾಡಿ ತೊಳೆದು, ಪೂಜೆ ಮಾಡಿ, ಲಿಂಬೆಹಣ್ಣು ಕಟ್ಟುತ್ತೀರಿ. ಗಾಡಿ ಹೇಗೂ ನಿಂತಿರುತ್ತದೆ, ಹೇಗೂ ಒದ್ದೆಯಾಗಿರುತ್ತದೆ. ಕಾಯಿ ಒಡೆಯುವ ಮೊದಲು ಒಂದು ಗೋಣಿಚೀಲ ಹಾಸಿ ಕೆಳಗೆ ಮಲಗಿ ಯು-ಬೋಲ್ಟು, ಸೆಂಟರ್ ಬೋಲ್ಟು, ಶ್ಯಾಕಲ್ ಪಿನ್ನು, ಶಾಕಪ್ಪಿನ ಮೇಲಿನ-ಕೆಳಗಿನ ಬೋಲ್ಟು, ಟಂಟಂ ಆದರೆ ಹಿಂದಿನ ಆರ್ಮಿನ ಬೋಲ್ಟು, ಎಲ್ಲದರ ಗೆರೆ ನೋಡಿ. ಅನುಮಾನ ಬಂದದ್ದಕ್ಕೆ ಪಾನಾ ಹಾಕಿ. ಬನಶಂಕರಿ ಜಾತ್ರೆಗೆ, ಕೂಡಲಸಂಗಮಕ್ಕೆ ಜನ ತುಂಬಿಕೊಂಡು ಹೊರಡುವ ಹಿಂದಿನ ದಿನವೂ ಇದನ್ನೇ ಮಾಡಿ.

ಇನ್ನು ನಿಮ್ಮಲ್ಲಿ ಸ್ಟ್ಯಾಂಡಿನ ಮುಖಂಡರು ಯಾರಿದ್ದೀರೋ ಅವರಿಗೆ ಒಂದು ಕೋರಿಕೆ. ಬರುವ ಅಮಾವಾಸ್ಯೆಗೆ ಒಂದು ಟಾರ್ಕ್ ರೆಂಚ್, ಒಂದು ಡಬ್ಬಿ ಹಳದಿ ಪೇಂಟು, ಒಂದು ವಹಿ ಇಡಿಸಿ. ವಹಿಯಲ್ಲಿ ಗಾಡಿಯ ನಂಬರು, ಪಾಟಾ ಕೆಲಸ ಆದ ದಿನದ ಕಿಲೋಮೀಟರು, ಎರಡನೇ ಸಲ ಬಿಗಿದ ದಿನದ ಕಿಲೋಮೀಟರು, ಈ ಮೂರು ಕಲಂ ಸಾಕು. ಮೂರನೇ ಕಲಂ ಖಾಲಿ ಇರುವ ಗಾಡಿಗೆ ಹೈವೇ ಬಾಡಿಗೆ ಕೊಡಬೇಡಿ. ಆ ರೆಂಚು ಹೇಗೆ ಹಿಡಿಯಬೇಕು ಎಂದು ತೋರಿಸಲು ಯಾವ ಸ್ಟ್ಯಾಂಡಿನವರು ಕರೆದರೂ ಬರುತ್ತೇನೆ. ಬಸ್ ಚಾರ್ಜೂ ಕೇಳುವುದಿಲ್ಲ, ನಿಮ್ಮ ಗಾಡಿಯಲ್ಲೇ ಬರುತ್ತೇನೆ.

ನಿಮ್ಮವ,
ಹುನಗುಂದದ ಒಬ್ಬ ನಿವೃತ್ತ ಫಿಟ್ಟರ್ ಮಾಸ್ತರ